ಯಾವ ಕಾರು ತಗೊಳ್ಳಲಿ? ಮೊದಲು ನಿಮ್ಮ ಕಿಲೋಮೀಟರ್ ಬರೆದಿಡಿ

"ಹನ್ನೆರಡು ಲಕ್ಷ ಬಜೆಟ್ ಇದೆ, ಯಾವ ಕಾರು ತಗೊಳ್ಳಲಿ?" ಅಂತ ಗೊತ್ತಿದ್ದವರೆಲ್ಲ ಫೋನ್ ಮಾಡುತ್ತಾರೆ. ಕಾರಿನ ಹುಚ್ಚು ಇರುವವನು ಅಂತ ಎಲ್ಲರಿಗೂ ಗೊತ್ತು, ಅದಕ್ಕೆ. ನಾನು ತಕ್ಷಣ ಯಾವ ಹೆಸರನ್ನೂ ಹೇಳುವುದಿಲ್ಲ. ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಾ, ಯಾವ ರಸ್ತೆಯಲ್ಲಿ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಾ ಅಂತ ಕೇಳುತ್ತೇನೆ. ಹತ್ತರಲ್ಲಿ ಎಂಟು ಜನರಿಗೆ ಉತ್ತರ ಗೊತ್ತಿರುವುದಿಲ್ಲ. ಆದರೆ ಬಣ್ಣ ಯಾವುದು ಬೇಕು, ಸನ್‌ರೂಫ್ ಬೇಕಾ ಬೇಡ್ವಾ ಅನ್ನುವುದು ಆಗಲೇ ತೀರ್ಮಾನ ಆಗಿರುತ್ತದೆ.

ಕಾರು ಆರಿಸುವಾಗ ಒಂದು ಸರಿಯಾದ ಕ್ರಮ ಇದೆ. ಮೊದಲು ಇಂಧನ, ಆಮೇಲೆ ಗೇರ್‌ಬಾಕ್ಸ್, ಆಮೇಲೆ ಸೈಜ್ ಮತ್ತು ಸುರಕ್ಷತೆ, ಕೊನೆಗೆ ಕಂಪನಿ ಮತ್ತು ಮಾಡೆಲ್. ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮಾಡೆಲ್ ಮೊದಲು ಇಷ್ಟಪಟ್ಟು, ಆಮೇಲೆ ಅದರಲ್ಲಿ ಸಿಗುವ ಇಂಜಿನ್ನಿಗೆ ತಮ್ಮ ಬದುಕನ್ನು ಹೊಂದಿಸಿಕೊಳ್ಳುತ್ತಾರೆ. ಐದು ವರ್ಷ ಅದರ ಜೊತೆ ಇರಬೇಕು, ಹಾಗಾಗಿ ಈ ವಿಷಯ ನನಗೆ ಮುಖ್ಯ.

ಮೂರು ಜನರ ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಒಬ್ಬರು ನಮ್ಮ ಭಾವ. ಹಾಸನದಲ್ಲಿ ಮೇಷ್ಟ್ರು. ತಿಂಗಳಿಗೆ ಹೆಚ್ಚೆಂದರೆ 600 ಕಿ.ಮೀ. ಆದರೆ ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ, ಆಗಾಗ ಶಿರಾಡಿ ಘಾಟಿ ಇಳಿದು ಹತ್ತಬೇಕು. ಇನ್ನೊಬ್ಬ ಹುಬ್ಬಳ್ಳಿಯ ಗೆಳೆಯ, ಔಷಧಿ ಕಂಪನಿಯ ಪ್ರತಿನಿಧಿ. ಗದಗ, ಹಾವೇರಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಅಂಕೋಲಾ, ಕಾರವಾರ ಅಂತ ತಿಂಗಳಿಗೆ 3,000 ಕಿ.ಮೀ. ತಿರುಗುತ್ತಾನೆ. ಮೂರನೆಯವನು ನಾನು. ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿ ಬರಲು ದಿನಕ್ಕೆ 44 ಕಿ.ಮೀ., ಅದೂ ಪೂರ್ತಿ ಟ್ರಾಫಿಕ್‌ನಲ್ಲಿ.

ಮೂವರ ಬಜೆಟ್ಟೂ ಹೆಚ್ಚು ಕಡಿಮೆ ಒಂದೇ. ಆದರೆ ಮೂವರಿಗೂ ಒಂದೇ ಕಾರು ಹೇಳಿದರೆ ಇಬ್ಬರಿಗೆ ಮೋಸ ಮಾಡಿದ ಹಾಗೆ.

ಪೆಟ್ರೋಲ್, ಸಿಎನ್‌ಜಿ, ಡೀಸೆಲ್: ಲೆಕ್ಕ ಹಾಕಿಯೇ ನೋಡಿ

ಲೆಕ್ಕಕ್ಕೆ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91, ಸಿಎನ್‌ಜಿ ಕೆಜಿಗೆ 90 ಅಂತ ಹಿಡಿಯುತ್ತೇನೆ. ನೀವು ನಿಮ್ಮ ಊರಿನ ಇವತ್ತಿನ ದರ ಹಾಕಿಕೊಳ್ಳಿ. ಮೈಲೇಜ್ ಮಾತ್ರ ಬ್ರೋಷರ್‌ನಲ್ಲಿ ಇರುವುದನ್ನು ಹಿಡಿಯಬೇಡಿ. ಅದು ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಓಡಿಸಿ ತೆಗೆದ ಅಂಕಿ. ನಮ್ಮ ರಸ್ತೆಯಲ್ಲಿ ಅದರ ಮುಕ್ಕಾಲು ಭಾಗ ಸಿಕ್ಕರೆ ಸಂತೋಷಪಡಿ. ಅದರ ಮೇಲೆ ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿದೇ ಇಳಿಯುತ್ತದೆ.

ಪೆಟ್ರೋಲ್ ಕಾರು ಲೀಟರಿಗೆ 14 ಕೊಟ್ಟರೆ ಕಿಲೋಮೀಟರಿಗೆ 7 ರೂಪಾಯಿ 35 ಪೈಸೆ. ಅದೇ ಕಾರಿನ ಸಿಎನ್‌ಜಿ ಕೆಜಿಗೆ 22 ಕೊಟ್ಟರೆ 4 ರೂಪಾಯಿ 10 ಪೈಸೆ. ಡೀಸೆಲ್ ಲೀಟರಿಗೆ 18 ಕೊಟ್ಟರೆ 5 ರೂಪಾಯಿ ಚಿಲ್ಲರೆ.

ಈಗ ಭಾವನ 600 ಕಿ.ಮೀ. ತಗೊಳ್ಳಿ. ಸಿಎನ್‌ಜಿಯಿಂದ ಅವರಿಗೆ ತಿಂಗಳಿಗೆ ಉಳಿಯುವುದು ಸುಮಾರು 1,950 ರೂಪಾಯಿ. ಸಿಎನ್‌ಜಿ ಮಾಡೆಲ್‌ಗೆ ತೆರಿಗೆ ಸೇರಿ ಒಂದು ಲಕ್ಷದ ಹತ್ತು ಸಾವಿರ ಜಾಸ್ತಿ ಕೊಟ್ಟಿದ್ದರೆ, ಆ ದುಡ್ಡು ವಾಪಸ್ ಬರಲು ನಾಲ್ಕೂವರೆ ವರ್ಷಕ್ಕೂ ಮೇಲೆ ಬೇಕು. ಡೀಸೆಲ್‌ಗೆ ಒಂದೂವರೆ ಲಕ್ಷ ಜಾಸ್ತಿ ಅಂದರೆ ಒಂಬತ್ತು ವರ್ಷ! ಅಷ್ಟು ಹೊತ್ತಿಗೆ ಗಾಡಿಯನ್ನೇ ಬದಲಾಯಿಸಿರುತ್ತಾರೆ. ಅದೇ ಹುಬ್ಬಳ್ಳಿಯ ಗೆಳೆಯನಿಗೆ ಸಿಎನ್‌ಜಿಯ ಹೆಚ್ಚುವರಿ ಹಣ ಒಂದು ವರ್ಷದೊಳಗೆ ವಾಪಸ್ ಬರುತ್ತದೆ, ಡೀಸೆಲ್‌ನದ್ದು ಎರಡು ವರ್ಷದೊಳಗೆ. ಒಂದೇ ಕಾರು, ಒಂದೇ ದರ. ಕಿಲೋಮೀಟರ್ ಮಾತ್ರ ಬೇರೆ.

ಹಾಗಾದರೆ ಗೆಳೆಯ ಸಿಎನ್‌ಜಿ ತಗೊಳ್ಳಬೇಕಿತ್ತು ಅಲ್ವಾ? ಅವನು ತಗೊಂಡಿದ್ದು ಡೀಸೆಲ್, ಮತ್ತು ಅದು ಸರಿಯಾದ ಆಯ್ಕೆ ಅಂತಲೇ ನನ್ನ ಅಭಿಪ್ರಾಯ. ಸಿಎನ್‌ಜಿ ಸಿಲಿಂಡರ್‌ನಲ್ಲಿ ಎಂಟೊಂಬತ್ತು ಕೆಜಿ ಹಿಡಿಯುತ್ತದೆ, ಅಂದರೆ 200 ಕಿ.ಮೀ. ಆಸುಪಾಸಿನಲ್ಲಿ ಮತ್ತೆ ಬಂಕ್ ಹುಡುಕಬೇಕು. ಅವನು ಹೋಗುವ ಊರುಗಳಲ್ಲಿ ಎಲ್ಲ ಕಡೆ ಸಿಎನ್‌ಜಿ ಇಲ್ಲ, ಇರುವ ಕಡೆ ಕ್ಯೂ. ಡಿಕ್ಕಿಯಲ್ಲಿ ಔಷಧಿ ಸ್ಯಾಂಪಲ್ ಬಾಕ್ಸ್ ಇಡಬೇಕು, ಸಿಲಿಂಡರ್ ಅರ್ಧ ಜಾಗ ತಿನ್ನುತ್ತದೆ. ಟಾಟಾದವರು 2023ರಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕ ಸಿಲಿಂಡರನ್ನು ಡಿಕ್ಕಿಯ ತಳದಲ್ಲಿ ಇಟ್ಟು ಈ ತೊಂದರೆಯನ್ನು ತಕ್ಕಮಟ್ಟಿಗೆ ಬಗೆಹರಿಸಿದ್ದಾರೆ, ಒಳ್ಳೆಯ ಕೆಲಸ. ಆದರೂ ಗ್ಯಾಸಿನಲ್ಲಿ ಪಿಕಪ್ ಕಡಿಮೆ. ನಾಲ್ಕು ಜನ, ಲಗೇಜು, ಎಸಿ ಹಾಕಿಕೊಂಡು ಘಾಟಿ ಹತ್ತುವಾಗ ಗೊತ್ತಾಗುತ್ತದೆ. ಸಿಎನ್‌ಜಿ ಕಾರು ಪೆಟ್ರೋಲ್‌ನಲ್ಲೂ ಓಡುತ್ತದೆ, ಅಲ್ಲಿ ಪೆಟ್ರೋಲ್‌ಗೆ ಹಾಕಿಕೊಂಡು ಹತ್ತಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪ್ರೆಶರ್ ಟೆಸ್ಟ್ ಕಡ್ಡಾಯ, ಇದನ್ನು ಮರೆತವರು ಬಹಳ.

ಡೀಸೆಲ್ ವಿಷಯಕ್ಕೆ ಬಂದರೆ, ಒಂದು ಕಾಲದಲ್ಲಿ ಕಣ್ಣು ಮುಚ್ಚಿಕೊಂಡು ಡೀಸೆಲ್ ತಗೊಳ್ಳಿ ಅನ್ನುತ್ತಿದ್ದೆ. ಫಿಯೆಟ್‌ನ 1.3 ಲೀಟರ್ ಇಂಜಿನ್ ಸ್ವಿಫ್ಟ್‌ನಿಂದ ಹಿಡಿದು ಇಂಡಿಕಾ ವಿಸ್ಟಾ ತನಕ ಎಷ್ಟು ಕಾರುಗಳಲ್ಲಿ ಇತ್ತು! ಆ ಇಂಜಿನ್ ಮೇಲೆ ನನಗೆ ಇವತ್ತಿಗೂ ಪ್ರೀತಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಅನ್ನುವ ಹೊಗೆ ನಿಯಮ ಬಂದ ಮೇಲೆ ಮಾರುತಿ ಡೀಸೆಲ್ ಬಿಟ್ಟೇ ಬಿಟ್ಟಿತು. ಈಗಿನ ಡೀಸೆಲ್ ಕಾರಿನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಂಡು, ಗಾಡಿ ಚೆನ್ನಾಗಿ ಬಿಸಿಯಾದಾಗ ಅದನ್ನು ಸುಟ್ಟು ಹಾಕುತ್ತದೆ. ಸುಡಲು ಹೈವೇಯಲ್ಲಿ ಇಪ್ಪತ್ತು ನಿಮಿಷವಾದರೂ ಒಂದೇ ಸಮ ಓಡಬೇಕು. ದಿನಾ ಮೂರು ಕಿಲೋಮೀಟರ್ ಮಕ್ಕಳ ಸ್ಕೂಲು, ಎರಡು ಕಿಲೋಮೀಟರ್ ತರಕಾರಿ ಅಂಗಡಿ ಅಂತ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಲ್ಲಿ ದೀಪ ಬರುತ್ತದೆ, ಜನ ಗಾಬರಿಯಾಗುತ್ತಾರೆ. ಗಾಡಿಯ ತಪ್ಪಲ್ಲ ಅದು. ಆ ಗಾಡಿ ಆ ಓಡಾಟಕ್ಕೆ ಮಾಡಿದ್ದಲ್ಲ, ಅಷ್ಟೇ. ತಿಂಗಳಿಗೆ 1,500 ಕಿ.ಮೀ. ದಾಟದವರು, ಹೈವೇ ಓಡಾಟ ಇಲ್ಲದವರು ಡೀಸೆಲ್ ಕಡೆ ನೋಡಬೇಡಿ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್

ಬೆಂಗಳೂರಿನ ನನ್ನ ಓಡಾಟಕ್ಕೆ ಪೆಟ್ರೋಲ್ ಕಾರು ಲೀಟರಿಗೆ 11 ಕೊಟ್ಟರೆ ಹೆಚ್ಚು. ಸಿಗ್ನಲ್‌ನಲ್ಲಿ ನಿಂತು ನಿಂತು ಸುಡುವುದೇ ಜಾಸ್ತಿ. ಇಂಥ ಕಡೆ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿಯ ಮೋಟಾರೂ ಓಡಿಸುವ ಕಾರು, ನಿಜಕ್ಕೂ ಬೇರೆ ಅನುಭವ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಹೋಗುತ್ತದೆ, ನಿಂತಾಗ ಮತ್ತು ನಿಧಾನ ಹೋಗುವಾಗ ಇಂಜಿನ್ ಆಫ್ ಆಗಿರುತ್ತದೆ. ಹಾಗಾಗಿ ಪೆಟ್ರೋಲ್ ಕಾರಿನ ಮೈಲೇಜ್ ಎಲ್ಲಿ ಬೀಳುತ್ತದೋ ಹೈಬ್ರಿಡ್ ಅಲ್ಲೇ ಚೆನ್ನಾಗಿ ಕೊಡುತ್ತದೆ. ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ನಮ್ಮ ಬಿಡದಿಯ ಕಾರ್ಖಾನೆಯಿಂದಲೇ ಬಂದವು. ಬ್ರೋಷರ್‌ನಲ್ಲಿ 27.97 ಅಂತ ಇದ್ದರೆ ಊರೊಳಗೆ 20ರಿಂದ 22 ನಿರೀಕ್ಷೆ ಇಟ್ಟುಕೊಳ್ಳಿ. ಬೆಲೆ ಮಾತ್ರ ಜಾಸ್ತಿ. ಮತ್ತೆ ಒಂದು ಎಚ್ಚರಿಕೆ: "ಸ್ಮಾರ್ಟ್ ಹೈಬ್ರಿಡ್", "ಮೈಲ್ಡ್ ಹೈಬ್ರಿಡ್" ಅಂತ ಬ್ಯಾಡ್ಜ್ ಇರುವ ಕಾರುಗಳು ಇದಲ್ಲ. ಅವು ಬ್ಯಾಟರಿಯ ಮೇಲೆ ಓಡುವುದಿಲ್ಲ, ಇಂಜಿನ್ನಿಗೆ ಸ್ವಲ್ಪ ಕೈಜೋಡಿಸುತ್ತವೆ ಅಷ್ಟೇ. ಶೋರೂಂನಲ್ಲಿ ಎರಡಕ್ಕೂ ಒಂದೇ ಪದ ಬಳಸುತ್ತಾರೆ, ಕೇಳಿ ಸ್ಪಷ್ಟ ಮಾಡಿಕೊಳ್ಳಿ.

ಎಲೆಕ್ಟ್ರಿಕ್ ಕಾರು ನಮ್ಮೂರಿಗೆ ಹೊಸದಲ್ಲ. 2001ರಲ್ಲೇ ರೇವಾ ಬೆಂಗಳೂರಿನ ರಸ್ತೆಗೆ ಇಳಿದಿತ್ತು. ಎಂ.ಜಿ. ರೋಡಿನಲ್ಲಿ ಆ ಪುಟ್ಟ ಕಾರು ಸದ್ದಿಲ್ಲದೆ ಹೋಗುವುದನ್ನು ನಿಂತು ನೋಡಿದ್ದು ನನಗೆ ಇನ್ನೂ ನೆನಪಿದೆ.

ಈಗಿನ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ ಕರೆಂಟಿಗೆ 7 ಕಿ.ಮೀ. ಹೋಗುತ್ತದೆ ಅಂತ ಹಿಡಿಯಿರಿ. ಮನೆಯ ಯೂನಿಟ್ 7 ರೂಪಾಯಿ ಅಂದರೂ ಕಿಲೋಮೀಟರಿಗೆ ಒಂದೇ ರೂಪಾಯಿ. ಇಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಫಿಲ್ಟರ್ ಕಾಟ ಕಡಿಮೆ. ಓಡಿಸಲು ಅಷ್ಟು ಆರಾಮದ ಗಾಡಿ ಇನ್ನೊಂದಿಲ್ಲ. ಆದರೆ ಇದನ್ನು ತಗೊಳ್ಳಬೇಕಾ ಅನ್ನುವುದು ಕಾರಿಗಿಂತ ನಿಮ್ಮ ಪಾರ್ಕಿಂಗ್ ಮೇಲೆ ನಿಂತಿದೆ. ಸ್ವಂತ ಮನೆ, ಗೇಟಿನೊಳಗೆ ಜಾಗ, ಹತ್ತಿರದಲ್ಲೇ ಮೀಟರ್ ಇದ್ದರೆ ಯೋಚನೆಯೇ ಬೇಡ. ಸಾಮಾನ್ಯ 15 ಆಂಪಿಯರ್ ಪ್ಲಗ್‌ನಲ್ಲಿ ಗಂಟೆಗೆ ಸುಮಾರು 3 ಯೂನಿಟ್ ಏರುತ್ತದೆ, ರಾತ್ರಿ ಹಾಕಿದರೆ ಬೆಳಿಗ್ಗೆಗೆ 200 ಕಿ.ಮೀ. ರೆಡಿ. ಬಾಡಿಗೆ ಮನೆ, ರಸ್ತೆ ಬದಿ ಪಾರ್ಕಿಂಗ್ ಆದರೆ ಕಷ್ಟ. ಅಪಾರ್ಟ್‌ಮೆಂಟ್ ಆದರೆ ಬುಕ್ ಮಾಡುವ ಮೊದಲು ಅಸೋಸಿಯೇಷನ್ನಿನಿಂದ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ನನ್ನ ಸಹೋದ್ಯೋಗಿ ಒಬ್ಬರು ಕಾರು ಮನೆಗೆ ಬಂದ ಮೇಲೆ ಕೇಳಲು ಹೋಗಿ ಆರು ತಿಂಗಳು ದುಬಾರಿ ಪಬ್ಲಿಕ್ ಚಾರ್ಜರ್‌ನಲ್ಲೇ ಕಳೆದರು. ಆಗ ಅವರ ಉಳಿತಾಯದ ಲೆಕ್ಕವೇ ಬುಡಮೇಲಾಯಿತು.

ರೇಂಜ್, ಅಂದರೆ ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ದೂರ ಅನ್ನುವುದರ ಬಗ್ಗೆ ಕಂಪನಿ ಹೇಳಿದ್ದರಲ್ಲಿ ಮೂರನೇ ಎರಡು ಭಾಗ ಹಿಡಿಯಿರಿ. ಹೈವೇಯಲ್ಲಿ 100ರ ಮೇಲೆ ಹೋದರೆ ಇನ್ನೂ ಕಡಿಮೆ. ಬೆಂಗಳೂರಿಂದ ಮಂಗಳೂರಿಗೆ ಸುಮಾರು 350 ಕಿ.ಮೀ., ದಾರಿಯಲ್ಲಿ ಒಂದು ಸಲ ನಿಲ್ಲಿಸುವ ಮನಸ್ಸು ಮಾಡಿಕೊಂಡೇ ಹೊರಡಬೇಕು. ಶೇ. 80ರ ಮೇಲೆ ಚಾರ್ಜ್ ಬಹಳ ನಿಧಾನ ಏರುತ್ತದೆ, ಹಾಗಾಗಿ ಚಾರ್ಜರ್ ಹತ್ತಿರ ನೂರು ತುಂಬಲಿ ಅಂತ ಕಾಯಬೇಡಿ, ನಿಮ್ಮ ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಘಾಟಿ ಇಳಿಯುವಾಗ ಚಾರ್ಜ್ ಕಡಿಮೆಯಾಗುವ ಬದಲು ಏರುವುದನ್ನು ನೋಡುವುದೇ ಒಂದು ಖುಷಿ.

ಗೇರ್‌ಬಾಕ್ಸ್: ಇಲ್ಲಿ ಎಡವುವವರೇ ಜಾಸ್ತಿ

ಆಟೋಮ್ಯಾಟಿಕ್ ಅಂದರೆ ಒಂದೇ ಅಲ್ಲ, ನಾಲ್ಕು ಥರ ಇದೆ. ಶೋರೂಂನಲ್ಲಿ "ಆಟೋಮ್ಯಾಟಿಕ್ ಸಾರ್" ಅಂದರೆ ಯಾವುದು ಅಂತ ಕೇಳಲೇಬೇಕು.

ಎಎಂಟಿ ಎಲ್ಲಕ್ಕಿಂತ ಅಗ್ಗ. 2014ರಲ್ಲಿ ಸೆಲೇರಿಯೊ ಜೊತೆ ನಮ್ಮ ದೇಶಕ್ಕೆ ಬಂತು. ಇದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಹೋಗಿ ಬರುತ್ತದೆ. ಮೈಲೇಜ್ ಮ್ಯಾನುಯಲ್‌ನಷ್ಟೇ, ರಿಪೇರಿ ಖರ್ಚೂ ಕೈಗೆಟುಕುವಂಥದ್ದು. ಊರೊಳಗಿನ ಮೊದಲ ಕಾರಿಗೆ ಒಳ್ಳೆಯದು. ಘಾಟಿಯಲ್ಲಿ ಮಾತ್ರ ಮ್ಯಾನುಯಲ್ ಮೋಡ್‌ಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ತಿರುವಿನ ಮಧ್ಯದಲ್ಲಿ ಗೇರ್ ಬದಲಾಯಿಸಲು ಹೋಗಿ ಎಳೆತ ನಿಂತು ಹೋಗುತ್ತದೆ. ಹಿಂದೆ ಬಸ್ಸು ಇದ್ದರೆ ಜೀವ ಬಾಯಿಗೆ ಬರುತ್ತದೆ.

ಸಿವಿಟಿ ಬೆಣ್ಣೆಯ ಹಾಗೆ ನಯ. ಗೇರ್ ಬದಲಾಗುವುದೇ ಗೊತ್ತಾಗುವುದಿಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗುವವರಿಗೆ ಇದರಷ್ಟು ಹಿತ ಇನ್ನೊಂದಿಲ್ಲ. ಜೋರಾಗಿ ಒತ್ತಿದರೆ ಇಂಜಿನ್ ಮೊದಲು ಕೂಗಿ ಆಮೇಲೆ ಗಾಡಿ ಓಡುತ್ತದೆ, ಅದು ಕೆಲವರಿಗೆ ಇಷ್ಟವಾಗುವುದಿಲ್ಲ.

ಟಾರ್ಕ್ ಕನ್ವರ್ಟರ್ ನನ್ನ ಆಯ್ಕೆ. ಹಳೆಯ ತಂತ್ರಜ್ಞಾನ, ಗಟ್ಟಿ. ಕ್ಲಚ್ ಸವೆಯುವ ಚಿಂತೆ ಇಲ್ಲ, ಏಕೆಂದರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯೇ ಶಕ್ತಿ ಸಾಗಿಸುತ್ತದೆ. ದಿಬ್ಬದಲ್ಲಿ ನಿಂತು ಹೊರಟರೂ ಒಂದೇ ಸಮ ಎಳೆಯುತ್ತದೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ನಾನು ಒಪ್ಪಿಕೊಂಡಿದ್ದೇನೆ.

ಡಿಸಿಟಿ ಓಡಿಸಲು ಭಾರೀ ಮಜಾ. ಎರಡು ಕ್ಲಚ್ ಇರುವುದರಿಂದ ಮುಂದಿನ ಗೇರ್ ಮೊದಲೇ ಸಿದ್ಧವಾಗಿರುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಇದನ್ನು ಓಡಿಸಿದರೆ ಇಳಿಯಲು ಮನಸ್ಸಾಗುವುದಿಲ್ಲ. ಆದರೆ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ ಡಿಸಿಟಿಯನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು ಗಂಟೆ ಇಂಚು ಇಂಚಾಗಿ ಉಜ್ಜಿದರೆ ಕ್ಲಚ್ ಬಿಸಿಯಾಗುತ್ತದೆ. ಅರ್ಧ ಕ್ಲಚ್‌ನಲ್ಲಿ ಮ್ಯಾನುಯಲ್ ಗಾಡಿ ಓಡಿಸಿದ ಹಾಗೆ ಅದು. ಮುಂದಿನ ಗಾಡಿ ಎರಡು ಮಾರು ಹೋಗಲಿ, ಆಮೇಲೆ ಬ್ರೇಕ್ ಬಿಟ್ಟು ಒಂದೇ ಸಲ ಮುಂದಕ್ಕೆ ಹೋಗಿ. ಈ ಅಭ್ಯಾಸ ಮಾಡಿಕೊಳ್ಳುವ ತಾಳ್ಮೆ ಇಲ್ಲದಿದ್ದರೆ ಬೇಡ.

ಮ್ಯಾನುಯಲ್ ಬಗ್ಗೆ ಏನು ಹೇಳಲಿ? ನನಗೆ ಇಷ್ಟ. ಆದರೆ ದಿನಾ ಎರಡು ಗಂಟೆ ಟ್ರಾಫಿಕ್‌ನಲ್ಲಿ ಇರುವವರಿಗೆ ಮೊಣಕಾಲೂ ಮುಖ್ಯ.

ನಕ್ಷತ್ರ, ಏರ್‌ಬ್ಯಾಗ್, ಮತ್ತು ಹಿಂದಿನ ಸೀಟು

2018ರಲ್ಲಿ ಟಾಟಾ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ತಗೊಂಡಾಗಿನಿಂದ ನಮ್ಮ ಜನ ಸುರಕ್ಷತೆ ಬಗ್ಗೆ ಕೇಳಲು ಶುರು ಮಾಡಿದರು. 2023ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅದರಲ್ಲಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ ಒಂದು ಪಕ್ಕವನ್ನು ಗುದ್ದಿಸುತ್ತಾರೆ. ಒಂದು ವಿಷಯ ಗಮನದಲ್ಲಿಡಿ: ಈ ಪರೀಕ್ಷೆ ನಿಮ್ಮ ಕಾರಿನಷ್ಟೇ ತೂಕದ ಇನ್ನೊಂದು ಕಾರಿಗೆ ಡಿಕ್ಕಿಯಾದ ಹಾಗೆ. ಹಾಗಾಗಿ ಚಿಕ್ಕ ಕಾರಿನ ಐದು ನಕ್ಷತ್ರವನ್ನು ದೊಡ್ಡ ಎಸ್‌ಯುವಿಯ ಐದು ನಕ್ಷತ್ರದ ಜೊತೆ ಹೋಲಿಸಬೇಡಿ. ಒಂದೇ ಸೈಜಿನ ಕಾರುಗಳ ನಡುವೆ ಮಾತ್ರ ಹೋಲಿಸಿ.

ಏರ್‌ಬ್ಯಾಗ್ ಎಷ್ಟು ಅಂತ ಎಲ್ಲರೂ ಎಣಿಸುತ್ತಾರೆ, ಇಎಸ್‌ಸಿ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ಆಗುಂಬೆಯ ತಿರುವಿನಲ್ಲಿ ಗಾಡಿ ಜಾರಿದಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ಗಾಡಿಯನ್ನು ದಾರಿಯಲ್ಲೇ ಉಳಿಸುವುದು ಅದು. ಇಎಸ್‌ಸಿ ಇಲ್ಲದ ವೇರಿಯಂಟ್ ತಗೊಂಡು ಸನ್‌ರೂಫಿಗೆ ದುಡ್ಡು ಹಾಕಬೇಡಿ, ದಯವಿಟ್ಟು. ಮತ್ತೆ ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು. ಬೆಲ್ಟ್ ಹಾಕದವರಿಗೆ ಏರ್‌ಬ್ಯಾಗ್ ಏಟನ್ನೇ ಕೊಡುತ್ತದೆ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿ, ಎಸಿ ಹಾಕಿ, ನಿಮ್ಮ ಬೀದಿಯ ಹಂಪ್ ಮೇಲೆಯೇ ಓಡಿಸಿ. ನೀವು ಹಿಂದಿನ ಸೀಟಿನಲ್ಲಿ ಇಪ್ಪತ್ತು ನಿಮಿಷ ಕೂತು ಬನ್ನಿ. ಮಂಡಿ ನೋವಿರುವ ಅಮ್ಮ ಹತ್ತಿ ಇಳಿಯಲು ಆಗುತ್ತದಾ ನೋಡಿ. ತೀರಾ ತಗ್ಗಾದರೂ ಕಷ್ಟ, ತೀರಾ ಎತ್ತರವಾದರೂ ಕಷ್ಟ.

ಬೆಲೆಯ ಬಗ್ಗೆ ನಮ್ಮ ರಾಜ್ಯದವರು ತಿಳಿದಿರಬೇಕಾದದ್ದು

2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಉದ್ದ 4 ಮೀಟರ್ ಒಳಗಿರಬೇಕು, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಇದನ್ನು ದಾಟಿದರೆ ಶೇ. 40. ಎಲೆಕ್ಟ್ರಿಕ್‌ಗೆ ಶೇ. 5.

ಆದರೆ ಕರ್ನಾಟಕದಲ್ಲಿ ನಿಜವಾಗಿ ಕಚ್ಚುವುದು ರೋಡ್ ಟ್ಯಾಕ್ಸ್. ದೇಶದಲ್ಲೇ ಅತಿ ಹೆಚ್ಚು ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. 5ರಿಂದ 10 ಲಕ್ಷದ ಕಾರಿಗೆ ಶೇ. 14, 10ರಿಂದ 20 ಲಕ್ಷದ ಕಾರಿಗೆ ಶೇ. 17, ಅದರ ಮೇಲೆ ಶೇ. 18. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. 9 ಲಕ್ಷ 95 ಸಾವಿರದ ಕಾರಿಗೂ 10 ಲಕ್ಷ 5 ಸಾವಿರದ ಕಾರಿಗೂ ಬೆಲೆಯಲ್ಲಿ ವ್ಯತ್ಯಾಸ ಹತ್ತೇ ಸಾವಿರ, ತೆರಿಗೆಯಲ್ಲಿ ವ್ಯತ್ಯಾಸ ಸುಮಾರು 35 ಸಾವಿರ! ಆದ್ದರಿಂದ ಹತ್ತು ಲಕ್ಷದ ಗಡಿಯ ಹತ್ತಿರ ಇರುವವರು ಒಂದು ವೇರಿಯಂಟ್ ಕೆಳಗೆ ಇಳಿದು ನೋಡಿ. ತೆರಿಗೆ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಬುಕ್ ಮಾಡುವ ದಿನ ಆರ್‌ಟಿಒ ಲೆಕ್ಕವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಇನ್ಶೂರೆನ್ಸ್ ಶೋರೂಂನಲ್ಲೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಹೊರಗೆ ಕೇಳಿ, ಆ ದರ ತೋರಿಸಿ, ಸಾಮಾನ್ಯವಾಗಿ ಇಳಿಸುತ್ತಾರೆ. ಹಳೆ ಕಾರಿನಲ್ಲಿ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ನಿಮ್ಮದು, ಕಾರಿನದ್ದಲ್ಲ. ಶೇ. 50ರ ತನಕ ಇರಬಹುದು, ಅದನ್ನು ಹೊಸ ಕಾರಿಗೆ ತರಲು ಮರೆಯಬೇಡಿ.

ಹೊಸದಾ, ಹಳೆಯದಾ?

ಆರು ಲಕ್ಷ ಕೈಯಲ್ಲಿದ್ದರೆ ನಾನು ಹೊಸ ಪುಟ್ಟ ಕಾರಿಗಿಂತ ನಾಲ್ಕು ವರ್ಷದ ಒಳ್ಳೆಯ ಕಾರನ್ನೇ ಹುಡುಕುತ್ತೇನೆ. ಮೇಲೆ ಹೇಳಿದ ರೋಡ್ ಟ್ಯಾಕ್ಸ್, ಅಂದರೆ ಲೈಫ್‌ಟೈಮ್ ಟ್ಯಾಕ್ಸ್, ಮೊದಲನೇ ಓನರ್ ಕಟ್ಟಿಯಾಗಿದೆ, ಕೆಎ ನಂಬರ್ ಇದ್ದರೆ ನೀವು ಮತ್ತೆ ಕಟ್ಟಬೇಕಿಲ್ಲ. ಇದೇ ಕಾರಣಕ್ಕೆ ದೆಹಲಿಯಿಂದ ಅಗ್ಗದಲ್ಲಿ ಬರುವ ಕಾರುಗಳ ಬಗ್ಗೆ ಎಚ್ಚರ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಕಟ್ಟುನಿಟ್ಟು ಇರುವುದರಿಂದ ಕಡಿಮೆಗೆ ಮಾರುತ್ತಾರೆ. ಇಲ್ಲಿಗೆ ತಂದ ಮೇಲೆ ಎನ್‌ಒಸಿ, ನಮ್ಮ ರಾಜ್ಯದ ತೆರಿಗೆ, ಹೊಸ ನಂಬರ್ ಅಂತ ಸೇರಿದರೆ ಆ ಅಗ್ಗ ಉಳಿಯುವುದಿಲ್ಲ.

ಹಳೆ ಕಾರು ನೋಡಲು ಹಗಲು ಹೊತ್ತಿನಲ್ಲೇ ಹೋಗಿ, ಇಂಜಿನ್ ತಣ್ಣಗಿರುವಾಗಲೇ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ನನ್ನ ಅನುಮಾನ. ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಎಳೆದು ನೋಡಿ, ಒಳಗೆ ಕಂಪನಿಯ ಸ್ಪಾಟ್ ವೆಲ್ಡಿಂಗ್ ಗುಂಡಿಗಳು ಸಾಲಾಗಿ ಕಾಣಬೇಕು. ಕಾಣದಿದ್ದರೆ ಟಿಂಕರಿಂಗ್ ಆಗಿದೆ. ಬಾನೆಟ್ ಬೋಲ್ಟ್‌ನ ಬಣ್ಣ ಕಿತ್ತಿದ್ದರೆ ಒಮ್ಮೆ ಬಿಚ್ಚಿದ್ದಾರೆ. ಸೀಟ್ ಬೆಲ್ಟನ್ನು ಕೊನೆ ತನಕ ಎಳೆಯಿರಿ. ನೀರಿನಲ್ಲಿ ಮುಳುಗಿದ ಗಾಡಿಯಾದರೆ ಬೆಲ್ಟಿನ ತುದಿಯಲ್ಲಿ ಕೆಸರಿನ ಗೆರೆ ಸಿಗುತ್ತದೆ, ಯಾರೂ ಅದನ್ನು ತೊಳೆಯುವುದಿಲ್ಲ. ಸ್ಟೆಪ್ನಿ ಎತ್ತಿ ಕೆಳಗೆ ತುಕ್ಕು ನೋಡಿ, ಮ್ಯಾಟ್ ಎತ್ತಿ ವಾಸನೆ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ಗಳಲ್ಲೇ ಎಷ್ಟೋ ಕಾರು ಮುಳುಗಿದ್ದವು. ಹೊಳೆಯುವ ಪಾಲಿಶ್ ನೋಡಿ ಮರುಳಾಗಬೇಡಿ.

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಓನರ್, ಸಾಲ ಇದೆಯಾ ನೋಡಿ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಹಳೆ ಸರ್ವಿಸ್ ಬಿಲ್‌ಗಳ ಕಿಲೋಮೀಟರ್ ಕೇಳಿ. ಮೀಟರ್ ತಿರುಗಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ನಾನೇ ಒಂದು ಕಾರಿಗೆ ಅಡ್ವಾನ್ಸ್ ಕೊಡುವ ಹಂತಕ್ಕೆ ಹೋಗಿದ್ದೆ. ಮೀಟರ್‌ನಲ್ಲಿ 48,000 ಇತ್ತು, ಎರಡು ವರ್ಷದ ಹಿಂದಿನ ಸರ್ವಿಸ್ ಬಿಲ್‌ನಲ್ಲಿ 71,000. ಮಾತಾಡದೆ ಎದ್ದು ಬಂದೆ. ಆದರೆ ಆ ಗಾಡಿ ಆಮೇಲೆ ಯಾರ ತಲೆಗೋ ಹೋಯಿತಲ್ಲ ಅನ್ನುವ ಸಂಕಟ ಈಗಲೂ ಇದೆ.

ತಗೊಂಡ ಮೇಲೆ

ಹೋಲಿಕೆ ಮಾಡುವಾಗ ಸರ್ವಿಸ್ ಸೆಂಟರ್ ಎಷ್ಟು ದೂರ ಅನ್ನುವುದನ್ನೂ ಸೇರಿಸಿ. ಹಾಸನದ ಭಾವನಿಗೆ ನಾನು ಎರಡು ಒಳ್ಳೆಯ ಕಾರುಗಳನ್ನು ಬೇಡ ಅಂದಿದ್ದು ಇದೊಂದೇ ಕಾರಣಕ್ಕೆ. ಚಿಕ್ಕದೊಂದು ಸೆನ್ಸಾರ್ ಹೋದರೂ ಬೆಂಗಳೂರಿಗೆ ಬರಬೇಕು ಅಂದರೆ ಮೇಷ್ಟ್ರಿಗೆ ಒಂದು ದಿನ ರಜ.

ಇಂಜಿನ್ ಆಯಿಲ್ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಟ್ರಾಫಿಕ್‌ನಲ್ಲಿ ಓಡುವ ನನ್ನ ಗಾಡಿಗೆ ನಾನು 7,500ಕ್ಕೇ ಹಾಕಿಸುತ್ತೇನೆ, ಏಕೆಂದರೆ ನಿಂತಲ್ಲೇ ಇಂಜಿನ್ ಓಡಿದ ಗಂಟೆಗಳು ಮೀಟರ್‌ನಲ್ಲಿ ಕಾಣುವುದಿಲ್ಲ. ಸರ್ವಿಸ್ ಬಿಲ್‌ನಲ್ಲಿ ಇಂಜಿನ್ ಫ್ಲಶ್, ಇಂಜಿನ್ ಕೋಟಿಂಗ್, ಎಸಿ ಕ್ಲೀನಿಂಗ್ ಫೋಮ್ ಅಂತ ಬಂದರೆ ಮ್ಯಾನ್ಯುಯಲ್ ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಅನ್ನಿ. ಇರುವುದಿಲ್ಲ. ಎಸಿ ಫಿಲ್ಟರನ್ನು ಗ್ಲೋವ್ ಬಾಕ್ಸ್ ತೆಗೆದು ಮನೆಯಲ್ಲೇ ಬದಲಾಯಿಸಬಹುದು, ಹತ್ತು ನಿಮಿಷದ ಕೆಲಸ.

ಬ್ರೇಕ್ ಆಯಿಲ್ ಮಾತ್ರ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಕುದ್ದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ನನಗೆ ಇದು ಶಿರಾಡಿಯಲ್ಲಿ ಆಗಿದೆ. ಗಾಡಿ ತುಂಬ ಜನ, ಇಳಿಜಾರು, ಮುಂದೆ ಟ್ಯಾಂಕರ್. ಒತ್ತಿದರೆ ಬ್ರೇಕ್ ಅರ್ಧವೂ ಹಿಡಿಯಲಿಲ್ಲ. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ನಿಧಾನ ಎಳೆದು, ಬದಿಗೆ ನಿಲ್ಲಿಸಿ ಮುಕ್ಕಾಲು ಗಂಟೆ ಆರಲು ಬಿಟ್ಟೆವು. ಹಿಂದಿನ ತಿಂಗಳಷ್ಟೇ ಸರ್ವಿಸ್ ಆಗಿತ್ತು, ಬಿಲ್‌ನಲ್ಲಿ ಬ್ರೇಕ್ ಆಯಿಲ್‌ಗೆ ದುಡ್ಡೂ ತಗೊಂಡಿದ್ದರು. ಬಾಟಲಿಯ ಮುಚ್ಚಳ ತೆಗೆದು ನೋಡಿದರೆ ಕಡು ಕಾಫಿ ಬಣ್ಣ. ಹೊಸದು ತಿಳಿ ಜೇನಿನ ಬಣ್ಣ ಇರುತ್ತದೆ. ಅವತ್ತಿನಿಂದ ನಾನು ಬ್ರೇಕ್ ಕೆಲಸಕ್ಕೆ ಪಕ್ಕದಲ್ಲಿ ನಿಂತೇ ಮಾಡಿಸುತ್ತೇನೆ. ಘಾಟಿ ಇಳಿಯುವಾಗ ಹತ್ತಿದ ಗೇರ್‌ನಲ್ಲೇ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗುಂಡಿ (ರಸ್ತೆ ಹಿಡಿಯುವ ಉಬ್ಬು) ಚೆನ್ನಾಗಿ ಕಂಡರೂ ಆರು ವರ್ಷ ದಾಟಿದ ಟೈರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿಯುವುದಿಲ್ಲ.

ಭಾವನ ಕಥೆ ಮುಗಿಸುತ್ತೇನೆ. 600 ಕಿ.ಮೀ., ಘಾಟಿ, ಹಾಸನದಲ್ಲೇ ಸರ್ವಿಸ್, ಹತ್ತು ಲಕ್ಷದ ಗಡಿಯೊಳಗೆ. ಇಷ್ಟು ಬರೆದುಕೊಂಡು ಜರಡಿ ಹಿಡಿದಾಗ ಹನ್ನೊಂದು ಕಾರಿನ ಪಟ್ಟಿಯಲ್ಲಿ ಉಳಿದಿದ್ದು ಎರಡೇ, ಎರಡೂ 4 ಮೀಟರ್ ಒಳಗಿನ ಪೆಟ್ರೋಲ್ ಮ್ಯಾನುಯಲ್. ಅದರಲ್ಲಿ ಅಕ್ಕನಿಗೆ ಹಿಂದಿನ ಸೀಟು ಹಿತವಾದದ್ದನ್ನು ತಗೊಂಡರು. ಡೆಲಿವರಿಗೆ ಎರಡು ದಿನ ಮೊದಲು ನಾನೂ ಅವರೂ ಯಾರ್ಡಿಗೆ ಹೋಗಿ ಕಾರು ನೋಡಿದೆವು. ಮೊದಲು ತೋರಿಸಿದ ಗಾಡಿ ಏಳು ತಿಂಗಳ ಹಿಂದೆ ತಯಾರಾದದ್ದು, ಬಿಸಿಲಿನಲ್ಲೇ ನಿಂತಿತ್ತು. ಬೇಡ ಅಂದೆವು. ರಿಜಿಸ್ಟ್ರೇಷನ್ ಆಗುವ ಮೊದಲು ಮಾತ್ರ ಹಾಗೆ ಅನ್ನಲು ಆಗುವುದು. ಹದಿನೈದು ದಿನ ಬಿಟ್ಟು ಹೊಸ ಸ್ಟಾಕಿನ ಗಾಡಿ ಕೊಟ್ಟರು.

ಪೂಜೆ ಮುಗಿಸಿ, ನಿಂಬೆಹಣ್ಣು ಹತ್ತಿಸಿ ಹೊರಟವರು ಮೊದಲು ಪಕ್ಕದ ಬಂಕಿನಲ್ಲಿ ನಿಲ್ಲಿಸಿ ಗಾಳಿ ಚೆಕ್ ಮಾಡಿಸಿದೆವು. ಯಾರ್ಡಿನಲ್ಲಿ ನಿಲ್ಲುವ ಗಾಡಿಗೆ ಜಾಸ್ತಿ ಗಾಳಿ ತುಂಬಿರುತ್ತಾರೆ. ನಾಲ್ಕೂ ಚಕ್ರದಲ್ಲಿ 44 ಇತ್ತು. 33ಕ್ಕೆ ಇಳಿಸಿಕೊಂಡೆವು. ಭಾವ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಮೀಟರ್ ನೋಡಿ 61 ಕಿ.ಮೀ. ಅಂತ ಬರೆದುಕೊಂಡರು.